ಗೇಣಿಗೆ ಬಂದ ಅಂಕೆಗಳು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಕೆಲವು ಮನೆಗಳ ಗೋಡೆಯ ಮೇಲೆ ಎರಡು ನಂಬರುಗಳಿರುತ್ತವೆ: ಒಂದು ಹಳೆಯದು, ಒಂದು ಹೊಸದು. ಅಂಚೆಯವನಿಗೆ ಎರಡೂ ಗೊತ್ತು. ಏನಾದರೂ ಆ ನಂಬರು ರಾತ್ರೋರಾತ್ರಿ ಬದಲಾಗುವುದಿಲ್ಲ. ಮನೆಯೊಳಗಿನ ಲ್ಯಾಪ್‌ಟಾಪು, ಮೊಬೈಲು, ಪ್ರಿಂಟರುಗಳ ಪಾಡು ಹಾಗಲ್ಲ. ಅವುಗಳಿಗೂ ಐಪಿ ವಿಳಾಸವೆಂಬ ನಂಬರುಂಟು, ನಿನ್ನೆ ೧೯೨.೧೬೮.೧.೫ ಎಂದಿದ್ದುದು ಇಂದು ೧೬೯.೨೫೪ ಎಂದು ಮೊದಲಾಗುವ ಅಪರಿಚಿತ ಅಂಕೆಯಾಗಿರುತ್ತದೆ, ಇಂಟರ್‌ನೆಟ್ಟು ನಿಂತಿರುತ್ತದೆ. ಯಂತ್ರ ಕೆಟ್ಟಿತೆಂದು ಮನೆಯವರು ಹೇಳುತ್ತಾರೆ. ಬಹಳ ಸಲ ಯಂತ್ರ ಕೆಟ್ಟಿರುವುದಿಲ್ಲ. ಹೀಗೆ ತಲೆದೋರುವ ಒಂದೊಂದು ಅಂಕೆಯ ಹಿಂದೆಯೂ ಯಾರೋ ಎಂದೋ ಕೈಗೊಂಡ ತೀರ್ಮಾನವೊಂದಿದೆ. ಅದನ್ನರಿತರೆ ದೋಷದ ಜಾಡೂ ಸಿಕ್ಕುತ್ತದೆ.

೧೯೭೦ರ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ, ಬೇರೆ ಬೇರೆ ಕಂಪ್ಯೂಟರ್ ಜಾಲಗಳನ್ನು ಒಂದಕ್ಕೊಂದು ಹೆಣೆಯುವ ಪ್ರಯೋಗ ನಡೆದಿತ್ತು. ವಿಳಾಸ ಎಷ್ಟು ಉದ್ದವಿರಬೇಕೆಂಬ ಚರ್ಚೆ ಮುಗಿಯದಿರಲು, ೧೯೭೭ರಲ್ಲಿ ವಿಂಟನ್ ಸರ್ಫ್ ಅವರು ೩೨ ಬಿಟ್ಟುಗಳು ಸಾಕೆಂದು ತೀರ್ಮಾನಿಸಿದರು. ಅಷ್ಟರಿಂದ ಹುಟ್ಟುವ ವಿಳಾಸಗಳು ೪೨೯ ಕೋಟಿ ಚಿಲ್ಲರೆ. ಅಂದಿನ ಜಗತ್ತಿನ ಜನಸಂಖ್ಯೆಗೆ ಹೆಚ್ಚುಕಡಿಮೆ ಸಮ. ಪ್ರಯೋಗಕ್ಕೆ ಧಾರಾಳವಾಯಿತು. ಆದರೆ ಆ ಪ್ರಯೋಗ ಮುಗಿಯಲೇ ಇಲ್ಲ! ೧೯೮೧ರ ಸೆಪ್ಟೆಂಬರಿನಲ್ಲಿ ಅದರ ನಿಯಮಾವಳಿ ಹೊರಬಂದಿತು. ೧೯೮೩ರ ಜನವರಿ ೧ರಂದು ಆರ್ಪಾನೆಟ್ ಜಾಲವೆಲ್ಲ ಅದಕ್ಕೆ ಬದಲಾಯಿಸಿಕೊಂಡಿತು.

ಮೊದಲ ದಿನಗಳ ಹಂಚಿಕೆಯಲ್ಲಿ ಕೈ ಬಹಳ ಸಡಿಲವಾಗಿತ್ತು. ಅಂಕೆಗಳ ಪಟ್ಟಿಯನ್ನು ಕ್ಯಾಲಿಫೋರ್ನಿಯಾದ ಜಾನ್ ಪೋಸ್ಟೆಲ್ ನೋಡಿಕೊಳ್ಳುತ್ತಿದ್ದರು. ಐಬಿಎಂ, ಜೆರಾಕ್ಸ್, ಫೋರ್ಡ್ ಕಂಪನಿಗಳಿಗೂ ಮೆಸಾಚುಸೆಟ್ಸಿನ ತಂತ್ರಜ್ಞಾನ ಸಂಸ್ಥೆಗೂ ತಲಾ ೧ ಕೋಟಿ ೬೭ ಲಕ್ಷಕ್ಕೂ ಮಿಕ್ಕಿ ವಿಳಾಸಗಳು ದೊರೆತವು. ಇದು ದುರಾಶೆಯೆಂದು ಹೇಳಲಾಗದು. ಆಗ ಕೇಳುವವರೇ ಕಡಮೆ. ಆದರೆ ತಡವಾಗಿ ಪಂಕ್ತಿಗೆ ಬಂದವರಿಗೆ, ಎಂದರೆ ೧೯೯೫ರ ಆಗಸ್ಟ್ ೧೫ರಂದು ಜನಸಾಮಾನ್ಯರಿಗೆ ಇಂಟರ್‌ನೆಟ್ಟನ್ನು ತೆರೆದ ನಮ್ಮಂಥ ದೇಶಕ್ಕೆ, ಎಲೆಯಲ್ಲಿ ಉಳಿದಿದ್ದುದೆಷ್ಟು?

ಇನ್ನೊಂದು ತೊಡಕಿತ್ತು. ಯಾವ ಯಂತ್ರಕ್ಕೆ ಯಾವ ನಂಬರೆಂಬುದನ್ನು ಮನುಷ್ಯನೊಬ್ಬ ಪಟ್ಟಿಯಲ್ಲಿ ಬರೆದಿಡಬೇಕಾಗಿತ್ತು. ೧೯೮೫ರಲ್ಲಿ ಬಂದ ಬೂಟ್‌ಪಿ ಎಂಬ ಕ್ರಮ ಯಂತ್ರಕ್ಕೆ ತನ್ನ ನಂಬರನ್ನು ಜಾಲದಿಂದಲೇ ಕೇಳಿ ಪಡೆಯಲು ಕಲಿಸಿತು. ಪಟ್ಟಿ ಮಾತ್ರ ಉಳಿಯಿತು. ಪಟ್ಟಿಯಿಂದ ಬಿಡುಗಡೆ ದೊರೆತದ್ದು ೧೯೯೩ರ ಅಕ್ಟೋಬರಿನಲ್ಲಿ. ಅಮೆರಿಕದ ಬಕ್‌ನೆಲ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ರಾಲ್ಫ್ ಡ್ರೋಮ್ಸ್ ಅವರ ಹೆಸರಿನಲ್ಲಿ ಡಿಎಚ್‌ಸಿಪಿ ಎಂಬ ಕ್ರಮ ಪ್ರಕಟವಾಯಿತು. ಅದರ ಸಾರವಿಷ್ಟು: ಹೊಸದಾಗಿ ಬಂದ ಯಂತ್ರ, 'ನಂಬರು ಕೊಡುವವರು ಯಾರಾದರೂ ಇದ್ದೀರಾ?' ಎಂದು ಜಾಲಕ್ಕೆಲ್ಲ ಕೇಳುವಂತೆ ಕೂಗುತ್ತದೆ. ದಾತನು, 'ಇಗೋ, ಇದನ್ನು ಕೊಡಬಲ್ಲೆ' ಎನ್ನುತ್ತಾನೆ. ಯಂತ್ರ 'ಅದನ್ನೇ ಕೊಡು' ಎಂದು ಬೇಡುತ್ತದೆ. ದಾತನು 'ಆಗಲಿ' ಎಂದು ಒಪ್ಪುತ್ತಾನೆ. ಕೊಡುವುದು ಇಂತಿಷ್ಟು ಕಾಲಕ್ಕೆ ಮಾತ್ರ. ಅವರು ಬಳಸಿದ ಮಾತು ಲೀಸ್; ನಾವು ಗೇಣಿಯೆನ್ನಬಹುದು. ವಾಯಿದೆಯೊಳಗೆ ನವೀಕರಿಸದಿದ್ದರೆ ನಂಬರು ಬೇರೆಯವರ ಪಾಲಾಗುತ್ತದೆ. ಬೇಸಿಗೆ ರಜೆಯೆಲ್ಲ ಆರಿಸಿಟ್ಟಿದ್ದ ಪ್ರಿಂಟರು ಮರಳಿ ಬಂದಾಗ ಹೊಸ ನಂಬರು ಹಿಡಿದು ಯಾರಿಗೂ ಸಿಕ್ಕದೆ ಹೋಗುವುದಕ್ಕೆ ಇದೇ ಕಾರಣ. ಅಂಥದ್ದಕ್ಕೆ ರೂಟರಿನಲ್ಲಿ ಒಂದು ನಂಬರನ್ನು ಕಾದಿರಿಸಿಡಬೇಕು.

ದಾತನು ಒಬ್ಬನೇ ಇರಬೇಕೆಂದು ಈ ನಿಯಮಾವಳಿ ಹೇಳಲಿಲ್ಲ. ಮೇಲ್ವಿಚಾರಕರಿರುವ ಕಾಲೇಜುಗಳಲ್ಲಿ, ಕಚೇರಿಗಳಲ್ಲಿ ಅದು ಸೌಕರ್ಯವೇ. ಮನೆಯಲ್ಲಿ ಅದೇ ತಂಟೆಯಾಗುತ್ತದೆ. ಮಹಡಿಯ ಮೇಲೂ ವೈಫೈ ಬರಲೆಂದು ಅಟ್ಟದಲ್ಲಿದ್ದ ಹಳೆಯ ರೂಟರನ್ನು ತಂದು ತಂತಿ ಚುಚ್ಚುತ್ತೇವೆ. ಆ ಕ್ಷಣದಿಂದ ಮನೆಗೆ ಇಬ್ಬರು ದಾತರು. ಯಂತ್ರಗಳು ಸಾಮಾನ್ಯವಾಗಿ ಮೊದಲು ಓಗೊಟ್ಟವನ ನಂಬರನ್ನು ಹಿಡಿಯುತ್ತವೆ. ಅರ್ಧ ಮನೆ ೧೯೨.೧೬೮.೧ರ ಸಾಲಿನಲ್ಲಿ, ಉಳಿದರ್ಧ ೧೯೨.೧೬೮.೦ರ ಸಾಲಿನಲ್ಲಿ ಕುಳಿತು ಒಂದಕ್ಕೊಂದು ಕಾಣದಂತಾಗುತ್ತವೆ. ನಂಬರಿನ ಜೊತೆಗೆ ತೋರುವ ಗೇಟ್‌ವೇ ವಿಳಾಸವನ್ನು ನೋಡಿದರೆ ಕೊಟ್ಟವರು ಯಾರೆಂಬುದು ಬಯಲಾಗುತ್ತದೆ. ಹಳೆಯ ರೂಟರಿನ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಅದರ ಸ್ವಂತ ನಂಬರನ್ನೂ ಹೊಸ ಸಾಲಿಗೆ ತಂದರೆ ಜಗಳ ಮುಗಿಯಿತು.

೧೬೯.೨೫೪ರ ಕತೆ ಬೇರೆ. ಕೂಗಿದರೂ ಓಗೊಡುವವರಿಲ್ಲದಾಗ ಯಂತ್ರ ತನಗೆ ತಾನೇ ಹೆಸರಿಟ್ಟುಕೊಳ್ಳಲೆಂದು ಮೀಸಲಾದ ಅಂಕೆಗಳಿವು. ೧೯೯೮ರ ವಿಂಡೋಸ್ ೯೮ರಲ್ಲಿ ಈ ಏರ್ಪಾಡು ಬಂದಿತು. ಸರ್ವಸಮ್ಮತ ನಿಯಮವಾದದ್ದು ೨೦೦೫ರಲ್ಲಿ. ಅದು ಕಂಡರೆ ಲ್ಯಾಪ್‌ಟಾಪನ್ನು ಬೈದು ಫಲವಿಲ್ಲ; ರೂಟರು ಮಲಗಿದೆಯೇ, ತಂತಿ ಸಡಿಲವೇ ಎಂದು ನೋಡಬೇಕು.

ಇನ್ನು ೧೯೨.೧೬೮. ಇದು ನಮ್ಮ ಮನೆಯಲ್ಲಿಯೂ ಇದೆ, ನೆರೆಮನೆಯಲ್ಲಿಯೂ ಇದೆ; ಒಂದೇ ನಂಬರು ಲಕ್ಷಾಂತರ ಮನೆಗಳಲ್ಲಿರುವುದು ಹೇಗೆ? ೧೯೯೪ರ ಮಾರ್ಚಿನಲ್ಲಿ, ಹೊರಗೆ ಕಾಣದ ಖಾಸಗಿ ಜಾಲಗಳಿಗೆಂದು ಕೆಲವು ಅಂಕೆಗಳನ್ನು ಬಿಟ್ಟುಕೊಡುವ ಟಿಪ್ಪಣಿ ಹೊರಟಿತು. ಅದೇ ಜುಲೈಯಲ್ಲಿ ಎಲಿಯಟ್ ಲಿಯರ್ ಮೊದಲಾದವರು ಇದು ಹಾನಿಕರವೆಂದು ಪ್ರತಿಟಿಪ್ಪಣಿ ಬರೆದರು: ಜಗತ್ತಿನಲ್ಲಿ ಒಂದು ವಿಳಾಸಕ್ಕೆ ಒಂದೇ ಯಂತ್ರವೆಂಬ ಮೂಲತತ್ತ್ವಕ್ಕೇ ಭಂಗವೆಂಬುದು ಅವರ ಆಕ್ಷೇಪ. ೧೯೯೬ರ ಫೆಬ್ರವರಿಯಲ್ಲಿ ಪರಿಷ್ಕೃತ ನಿಯಮ ಹೊರಬಂದಾಗ ಅದರ ಲೇಖಕರಲ್ಲಿ ಲಿಯರ್ ಅವರ ಹೆಸರೂ ಇದ್ದಿತು. ಈ ರಾಜಿಯನ್ನು ಸೋಲೆಂದು ಕರೆಯಲು ಮನಸ್ಸು ಬಾರದು. ಆದರೆ ಆಕ್ಷೇಪದಲ್ಲಿ ಹುರುಳಿತ್ತು. ೧೯೯೪ರಲ್ಲಿಯೇ ಹೊರಬಂದ ನ್ಯಾಟ್ ಎಂಬ ಉಪಾಯದಿಂದ ಮನೆಯ ಹತ್ತು ಯಂತ್ರಗಳು ಹೊರಗಿನ ಒಂದೇ ನಂಬರಿನ ಮರೆಯಲ್ಲಿ ಬಾಳತೊಡಗಿದವು. ಅದನ್ನು ಮುಂದಿಟ್ಟವರೇ ಅದು ತಾತ್ಕಾಲಿಕವೆಂದಿದ್ದರು. ಒಳಗಿನವರು ಹೊರಗೆ ಕರೆಯಬಹುದು. ಹೊರಗಿನವರು ನೇರವಾಗಿ ಬಾಗಿಲು ತಟ್ಟಲಾರರು.

೨೦೧೧ರ ಫೆಬ್ರವರಿ ೩ರಂದು ಕೇಂದ್ರ ಭಂಡಾರದ ಕೊನೆಯ ಐದು ಕಂತೆಗಳು ಹಂಚಿಹೋದವು. ಎಲ್ಲರಿಗಿಂತ ಮುಂಚೆ, ಅದೇ ಏಪ್ರಿಲಿನಲ್ಲಿ, ಕೈಖಾಲಿಯಾದದ್ದು ನಾವು ಸೇರಿದ ಏಷ್ಯಾ-ಪೆಸಿಫಿಕ್ ವಲಯ. ೨೦೧೨ರಲ್ಲಿ ಇಂಟರ್‌ನೆಟ್ ಕಂಪನಿಗಳ ಉಪಯೋಗಕ್ಕೆಂದು ೧೦೦.೬೪ರಿಂದ ೧೦೦.೧೨೭ರವರೆಗಿನ ಅಂಕೆಗಳನ್ನು ಮೀಸಲಿಟ್ಟರು. ನಿಮ್ಮ ರೂಟರಿನ ಹೊರಮುಖದ ನಂಬರು ಈ ಸಾಲಿನದಾದರೆ, ಕಂಪನಿಯವರು ಅನೇಕ ಮನೆಗಳನ್ನು ಒಂದೇ ನಂಬರಿನ ಹಿಂದೆ ಕೂರಿಸಿದ್ದಾರೆಂದೇ ಅರ್ಥ. ಮನೆಯ ಬಾಗಿಲ ಕ್ಯಾಮೆರಾವನ್ನು ಊರಿಂದ ನೇರವಾಗಿ ನೋಡಬೇಕೆಂದು ರೂಟರಿನಲ್ಲಿ ಎಷ್ಟು ತಿರುಚಾಡಿದರೂ ಆಗದು. ಕಂಪನಿಯಿಂದ ಸಾರ್ವಜನಿಕ ನಂಬರನ್ನೇ ಕೇಳಿ ಪಡೆಯಬೇಕು, ಅದಕ್ಕೆ ಅವರು ಹಣ ಕೇಳಿದರೂ ಕೇಳಬಹುದು.

೧೨೮ ಬಿಟ್ಟುಗಳ ಹೊಸ ವಿಳಾಸಕ್ರಮವಾದ ಐಪಿವಿ೬ ೧೯೯೫ರ ಡಿಸೆಂಬರಿನಲ್ಲಿಯೇ ಸಿದ್ಧವಾಗಿತ್ತು. ವಿಳಾಸಗಳನ್ನು ರಾಶಿರಾಶಿಯಾಗಿ ಪಡೆದಿದ್ದವರಿಗೆ ಅದರ ಅವಸರ ಕಾಣಲಿಲ್ಲ. ಪಂಕ್ತಿಯಲ್ಲಿ ಕಡೆಗೆ ಕುಳಿತ ಭಾರತದಲ್ಲಿ ಇಂದು ಬಳಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಹೆಸರನ್ನೂ ಕೇಳದೆ, ಅದನ್ನೇ ಬಳಸುತ್ತಿದ್ದಾರೆ. ಮೊಬೈಲಿನ ವಿಳಾಸದ ಪುಟದಲ್ಲಿ ಅಂಕೆ, ಅಕ್ಷರ, ವಿಸರ್ಗದಂಥ ಜೋಡಿ ಚುಕ್ಕೆಗಳು ಬೆರೆತ ಉದ್ದನೆಯ ಸಾಲೊಂದು ಕಂಡರೆ, ಅದು ಇದೇ.