ಎಷ್ಟಂಕಣದ ಮನೆ?

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೀಗತನದ ಮಾತು ಹೊಲದಿಂದ ಶುರುವಾಗಿ ಮನೆಗೆ ಬರುತ್ತಿತ್ತು. ‘ಎಷ್ಟ್ ಕೂರಿಗಿ ಹೊಲ ಐತ್ರಿ?’ ಆದ ಮೇಲೆ ‘ಎಷ್ಟ್ ಅಂಕಣದ್ ಮನೀರಿ?’ ಎಂಟಂಕಣದ್ದು ಅಂದರೆ ಸಾಕು, ಕೇಳಿದವರು ತಲೆಯಾಡಿಸಿ ಮುಂದಿನ ಮಾತಿಗೆ ಹೋಗುತ್ತಿದ್ದರು. ಉದ್ದ ಎಷ್ಟಡಿ, ಅಗಲ ಎಷ್ಟಡಿ, ಕೋಣೆ ಎಷ್ಟು ಎಂಬ ವಿಚಾರಣೆ ಬೇಕಿರಲಿಲ್ಲ.

ಮಾಳಿಗೆ ಮನೆಯೊಳಗೆ ನಿಂತು ಕತ್ತೆತ್ತಿದರೆ ಈ ಲೆಕ್ಕ ಕಣ್ಣಿಗೇ ಕಾಣುತ್ತದೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ಈ ತೊಲೆಯಿಂದ ಆ ತೊಲೆಗೆ ಒತ್ತೊತ್ತಾಗಿ ಜೋಡಿಸಿದ ಜಂತಿ. ಜಂತಿಯ ಮೇಲೆ ಸೀಳು ಕಟ್ಟಿಗೆ, ಸೊಪ್ಪು, ಅದರ ಮೇಲೆ ನೀರಿಳಿಯದಂತೆ ಬಡಿದು ಕೂರಿಸಿದ ಮಣ್ಣು. ಎರಡು ತೊಲೆಗಳ ನಡುವೆ ಉಳಿದ ತೆರಪೇ ಅಂಕಣ. ಅದರ ಅಗಲವನ್ನು ತೀರ್ಮಾನಿಸುತ್ತಿದ್ದವನು ಮನೆಯ ಯಜಮಾನನಲ್ಲ, ಜಂತಿಗೆ ಸಿಕ್ಕ ಮರ. ಸಾಗವಾನಿ, ಮತ್ತಿ ಸಿಕ್ಕಿದವರ ಅಂಕಣ ದೊಡ್ಡದು. ಹೊಲದ ಬದುವಿನ ಬೇವನ್ನೇ ಕಡಿದು ಹಾಕಿದವರದ್ದು ಚಿಕ್ಕದು. ಮೇಲಿರುವುದು ಮಣ್ಣಿನ ಭಾರ, ಮಳೆಗಾಲದಲ್ಲಿ ಅದು ಇನ್ನೂ ಹೆಚ್ಚು. ಆಸೆಪಟ್ಟು ಜಂತಿ ಉದ್ದ ಮಾಡಿದರೆ ನಡುವೆ ಬಾಗುತ್ತದೆ. ಹೀಗಾಗಿ ಒಂದೂರಿನ ಐದಂಕಣ ಇನ್ನೊಂದೂರಿನ ಐದಂಕಣಕ್ಕೆ ಸಮ ಬರುತ್ತಿರಲಿಲ್ಲ. ಯಾರಿಗೂ ಅದು ತಕರಾರೆನಿಸಲೂ ಇಲ್ಲ. ಮನೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಅದನ್ನು ಎಷ್ಟು ಮರ ಹೊತ್ತು ನಿಂತಿದೆ ಎಂದು ಹೇಳುವ ಲೆಕ್ಕ ಅದು.

ಗೋಡೆ ಇಲ್ಲದೆಯೂ ಅಂಕಣಗಳು ಮನೆಯನ್ನು ಪಾಲು ಮಾಡುತ್ತಿದ್ದವು. ಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನದ ಅಂಕಣ, ಅಲ್ಲಿಂದ ಮೆಟ್ಟಿಲು ಹತ್ತಿದರೆ ಪಡಸಾಲೆ, ಹಿಂದಿನ ಅಂಕಣದಲ್ಲಿ ಒಲೆ. ಅಣ್ಣತಮ್ಮಂದಿರು ಬೇರೆಯಾದಾಗ ಹೊಸ ಗೋಡೆ ಏಳುತ್ತಿದ್ದುದು ಸಾಮಾನ್ಯವಾಗಿ ತೊಲೆಯ ಕೆಳಗೇ: ಅಣ್ಣನಿಗೆ ಮೂರಂಕಣ, ತಮ್ಮನಿಗೆ ಮೂರಂಕಣ, ಬೆಳಕಿಂಡಿ ಯಾರ ಪಾಲಿಗೆ ಬಂತು ಎಂಬುದಕ್ಕೆ ಒಂದು ತಲೆಮಾರಿನ ಮುನಿಸು. ಹಳೆಯ ಕ್ರಯಪತ್ರಗಳನ್ನು ಬಿಚ್ಚಿ ನೋಡಿ. ಚಕ್ಕುಬಂದಿಯ ಜೊತೆಗೆ ‘ಮೂರು ಅಂಕಣದ ಮನೆ’ ಎಂದು ಬರೆದಿರುತ್ತದೆ. ತೆಲುಗರಲ್ಲಿ ಇದೇ ಪದ ‘ಅಂಕಣಂ’ ಆಗಿ ನೆಲಕ್ಕಿಳಿದು ನಿಖರವಾದ ಅಳತೆಯೇ ಆಗಿಬಿಟ್ಟಿದೆ. ನೆಲ್ಲೂರಿನಲ್ಲಿ ಸೈಟು ಮಾರುವವರಿಗೆ ಒಂದು ಅಂಕಣವೆಂದರೆ 72 ಚದರಡಿ, ತಿರುಪತಿಯಲ್ಲಿ 36. ಅಲ್ಲಿಯೂ ಊರಿಗೊಂದು ಅಂಕಣ ಎಂಬ ಹಳೆಯ ಚಾಳಿ ಬಿಟ್ಟುಹೋಗಿಲ್ಲ!

ದೇವಾಲಯದ ವಿದ್ವಾಂಸರೂ ಬಡಿಗರ ಈ ಮಾತನ್ನೇ ಹಿಡಿದರು. ನವರಂಗವೆಂದರೆ ನಡುವೆ ನಾಲ್ಕು ಕಂಬ, ಸಾಲಿಗೆ ಮೂರರಂತೆ ಒಂಬತ್ತು ಅಂಕಣ. ಕಲ್ಲಿನ ತೊಲೆಗಂತೂ ಮರದಷ್ಟೂ ಬಾಗುವ ಗುಣವಿಲ್ಲ, ಬಾಗುವ ಬದಲು ಬಿರುಕು ಬಿಡುತ್ತದೆ. ಅದಕ್ಕೇ ನಮ್ಮ ಗುಡಿಗಳಲ್ಲಿ ಅಷ್ಟೊಂದು ಕಂಬ. ಆದರೆ ಈ ಇಕ್ಕಟ್ಟನ್ನೇ ಹೊಯ್ಸಳರ ಕಾಲದ ಶಿಲ್ಪಿಗಳು ಹಬ್ಬ ಮಾಡಿಕೊಂಡರು. ಸೋಮನಾಥಪುರದ ಕೇಶವ ದೇವಾಲಯದಲ್ಲಿ ಒಂದು ಅಂಕಣದ ಕೆಳಗೆ ನಿಂತು ಮೇಲೆ ನೋಡಿ, ನಾಲ್ಕು ಹೆಜ್ಜೆ ಸರಿದು ಪಕ್ಕದ್ದನ್ನು ನೋಡಿ. ತೊಲೆಯ ಚೌಕ ಒಳಗೊಳಗೆ ಕಿರಿದಾಗುತ್ತ ಮೇಲೇರಿ ಒಂದು ಕಡೆ ಬಾಳೆಯ ಮೂತಿಯಾಗಿ ಇಳಿಬಿದ್ದಿರುತ್ತದೆ, ಇನ್ನೊಂದು ಕಡೆ ಬೇರೆಯೇ ವಿನ್ಯಾಸ. ಪ್ರವಾಸಿಗರು ಹೊರಗೋಡೆಯ ಆನೆ-ಕುದುರೆಗಳ ಫೋಟೊ ತೆಗೆದುಕೊಂಡು, ಒಳಗೆ ಬಂದವರು ತಲೆ ಎತ್ತದೆಯೇ ಹೋಗುವುದನ್ನು ಕಂಡರೆ ನನಗೆ ಸಂಕಟ.

ಮನೆಯಿಂದ ಅಂಕಣವನ್ನು ಹೊರಹಾಕಿದ್ದು ಆರ್‌ಸಿಸಿ. ಮೋಲ್ಡ್ ಹಾಕಿಸಿದ ಮೇಲೆ ಭಾರವನ್ನು ಕಬ್ಬಿಣದ ಸರಳು ಕಣ್ಣಿಗೆ ಕಾಣದಂತೆ ಹೊರುತ್ತದೆ. ಎಣಿಸುವುದಕ್ಕೆ ಮೇಲೆ ಏನೂ ಉಳಿಯುವುದಿಲ್ಲ. ಲೆಕ್ಕ ನೆಲಕ್ಕೆ ಬಂತು. ‘ಹತ್ತು ಚದರದ ಮನೆ’ ಎಂದರೆ ಸಾವಿರ ಚದರಡಿ. ಬೆಂಗಳೂರಿನ ಮೇಸ್ತ್ರಿಗಳ ಬಾಯಲ್ಲಿ ಇನ್ನೂ ಇರುವ ಆ ಚದರವನ್ನೂ ಈಗ ಬಿಎಚ್‌ಕೆ ಪಕ್ಕಕ್ಕೆ ತಳ್ಳುತ್ತಿದೆ.

ಅಷ್ಟರಲ್ಲಿ ಪದ ಮಾತ್ರ ಪತ್ರಿಕೆ ಸೇರಿತ್ತು. ಇಂಗ್ಲಿಷಿನವರು ಪುಟದ ಉದ್ದುದ್ದ ಅಚ್ಚಿನ ಸಾಲನ್ನು ಕಾಲಂ, ಅಂದರೆ ಕಂಬ ಎಂದು ಕರೆದರೆ, ಕನ್ನಡದವರು ಕಂಬ ಬಿಟ್ಟು ಕಂಬಗಳ ನಡುವಿನ ಜಾಗವನ್ನು ಆರಿಸಿಕೊಂಡರು. ನನಗೆ ಕನ್ನಡದ ಆಯ್ಕೆಯೇ ಸರಿ ಎನಿಸುತ್ತದೆ, ಬರೆಯುವವನಿಗೆ ಸಿಗುವುದು ಜಾಗ ತಾನೆ? ತಮಾಷೆಯೆಂದರೆ ಪುಟ ಕಟ್ಟುವವರು ಈ ಪದವನ್ನು ಮುಟ್ಟಲೇ ಇಲ್ಲ. ಅವರಿಗೆ ಈಗಲೂ ‘ಡಬಲ್ ಕಾಲಂ ಸುದ್ದಿ’, ‘ಮೂರು ಕಾಲಂ ಫೋಟೊ’. ಜಾಹೀರಾತಿನ ದರವನ್ನೂ ಹೇಳುತ್ತಿದ್ದುದು ಕಾಲಂ ಸೆಂಟಿಮೀಟರಿನಲ್ಲೇ. ಎರಡಂಕಣದ ಸುದ್ದಿ ಎಂದವರನ್ನು ನಾನು ಕೇಳಿಲ್ಲ. ಅಂಕಣವೆಂದರೆ ಗೊತ್ತಾದ ದಿನ ಗೊತ್ತಾದ ಮೂಲೆಯಲ್ಲಿ ಬರುವ ಒಬ್ಬರ ಬರಹ ಎಂದಾಯಿತು. ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ದಂತೆ ಓದುಗರ ಪ್ರಶ್ನೆಗಳಿಂದಲೇ ನಿಘಂಟಾದ ಅಂಕಣ ಉಂಟು, ಹಾ.ಮಾ. ನಾಯಕರ ‘ಸಂಪ್ರತಿ’ ಅಂಕಣ ಬರಹಗಳ ಪುಸ್ತಕವಾಗಿ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಇಲ್ಲಿಯೂ ಅಗಲ ಬರೆಯುವವನ ಕೈಯಲ್ಲಿಲ್ಲ. ಸಂಪಾದಕರು ಕೊಟ್ಟ ಜಂತಿ ಆರುನೂರು ಪದದ್ದಾದರೆ ಏಳುನೂರಕ್ಕೆ ಚಾಚಿದ್ದು ನಡುವೆ ಬಾಗಿಯೇ ಬಾಗುತ್ತದೆ.

ಕೊನೆಗೆ ಅದು ಆಟಕ್ಕೂ ಇಳಿಯಿತು. ಕ್ರೀಡಾಪುಟದಲ್ಲಿ ಫ್ರೆಂಚ್ ಓಪನ್ ‘ಆವೆಮಣ್ಣಿನ ಅಂಕಣ’ದಲ್ಲಿ ನಡೆಯುತ್ತದೆ, ಕಬಡ್ಡಿಯ ರೇಡರ್ ಎದುರಾಳಿಯ ಅಂಕಣಕ್ಕೆ ನುಗ್ಗಿ ಉಸಿರು ಬಿಡದೆ ತನ್ನ ಅಂಕಣಕ್ಕೆ ಮರಳುತ್ತಾನೆ. ಇದು ಅಂಗಣವಾಗಬೇಕಿತ್ತು, ಅಂಕಣ ತಪ್ಪು ಎನ್ನುವ ಪಂಡಿತರಿದ್ದಾರೆ. ನಾನು ಒಪ್ಪುವುದಿಲ್ಲ. ಅಂಗಣ ಬಯಲು, ಅದಕ್ಕೆ ಇಷ್ಟೇ ಎಂಬುದಿಲ್ಲ. ಪುರುಷರ ಕಬಡ್ಡಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ, ಗೆರೆ ದಾಟಿದರೆ ಔಟ್. ಕಂಬ ಎಲ್ಲಿ ಎಂದು ಅವರು ಪಟ್ಟು ಹಿಡಿದರೆ ಖೊಖೊ ತೋರಿಸಬಹುದು, ಅಲ್ಲಿ ಎರಡಾದರೂ ನೆಟ್ಟಿರುತ್ತಾರೆ.