ನಲ್ಲಿಯ ಕಸುಬು ಪಾಠಶಾಲೆ ಸೇರಿದ ಬಗೆ

ಮಗ ಐ.ಟಿ.ಐ. ಸೇರುತ್ತಾನೆಂದರೆ ನಮ್ಮ ಮನೆಗಳಲ್ಲಿ ಇಂದಿಗೂ ಹಿರಿಯರ ಮುಖ ತುಸು ಬಾಡುತ್ತದೆ. ಫಿಟ್ಟರ್, ಎಲೆಕ್ಟ್ರಿಶಿಯನ್ ಎಂದರೆ ಹೇಗೋ ಒಪ್ಪಿಯಾರು, ಪ್ಲಂಬರ್ ಎಂದರೆ, "ಪೈಪು ಕೂಡಿಸಲು ಶಾಲೆ ಬೇಕೇ?" ಎಂಬ ಮಾತು ಬಂದೇ ಬರುತ್ತದೆ. ಈ ಪ್ರಶ್ನೆಗೆ ಚರಿತ್ರೆ ಕೊಡುವ ಉತ್ತರ ತಿಳಿಯತಕ್ಕದ್ದಾಗಿದೆ.

ಲ್ಯಾಟಿನ್ ಭಾಷೆಯಲ್ಲಿ ‘ಪ್ಲಂಬಮ್’ ಎಂದರೆ ಸೀಸ. ರೋಮನರು ಸೀಸದ ಕೊಳವೆಗಳಲ್ಲಿ ನೀರು ಹರಿಸುತ್ತಿದ್ದರು. ಸೀಸದ ಕೆಲಸಗಾರನೇ ಪ್ಲಂಬರ್. ಇಂಗ್ಲೆಂಡಿನಲ್ಲಿಯೂ ಬಹುಕಾಲ ಈ ವಿದ್ಯೆ ಗುರುವಿನ ಕೈಕೆಳಗೆ ದುಡಿದು ಕಲಿಯುವಂಥದಾಗಿತ್ತು. ಇದನ್ನು ಪಾಠಶಾಲೆಯತ್ತ ತಳ್ಳಿದ್ದು ಕಾಯಿಲೆಯ ಭಯ.

1871ರಲ್ಲಿ ಇಂಗ್ಲೆಂಡಿನ ಯುವರಾಜ ಎಡ್ವರ್ಡ್ ಅತಿಥಿಯಾಗಿ ತಂಗಿದ್ದ ಮನೆಯೊಂದರಿಂದ ಹಿಂದಿರುಗಿ ಟೈಫಾಯ್ಡಿನಿಂದ ಮರಣದ ಅಂಚಿಗೆ ಹೋಗಿ ಬಂದ. ಅದೇ ಮನೆಯಲ್ಲಿ ತಂಗಿದ್ದ ಇನ್ನೊಬ್ಬ ಅತಿಥಿಯೂ, ಯುವರಾಜನ ಸೇವಕನೂ ತೀರಿಕೊಂಡರು. ಜನ ಆ ಮನೆಯ ಚರಂಡಿಯನ್ನು ದೂರಿದರು. ಚರಂಡಿಯ ದುರ್ವಾಯುವೇ ರೋಗಕ್ಕೆ ಕಾರಣವೆಂದು ಆಗಿನವರು ಬಗೆದಿದ್ದರು. ಹೊಲಸು ಬೆರೆತ ನೀರು, ಆಹಾರಗಳೇ ಕಾರಣವೆಂಬುದು ಮುಂದೆ ಖಚಿತವಾಯಿತು. ಕಾರಣ ಯಾವುದಾದರೂ ಕೊಳವೆ ಜೋಡಿಸುವವನು ಎಚ್ಚರ ತಪ್ಪುವಂತಿರಲಿಲ್ಲ. 1886ರಲ್ಲಿ ಲಂಡನ್ನಿನ ಪ್ಲಂಬರರ ಸಂಘವು ಅರ್ಹರ ಹೆಸರುಗಳನ್ನು ದಾಖಲಿಸಲು ತೊಡಗಿತು. 1878ರಲ್ಲಿ ಸ್ಥಾಪಿತವಾದ ಸಿಟಿ ಅಂಡ್ ಗಿಲ್ಡ್ಸ್ ಸಂಸ್ಥೆಯ ಪರೀಕ್ಷೆಗಳಲ್ಲಿ ಪ್ಲಂಬಿಂಗ್ ಸಹ ಒಂದು ವಿಷಯವಾಯಿತು.

ನಮ್ಮ ಮುಂಬಯಿಗೆ ವಿಹಾರ ಕೆರೆಯ ನೀರು ಕೊಳವೆಗಳಲ್ಲಿ ಬಂದದ್ದು 1860ರಲ್ಲಿ. 1896ರಲ್ಲಿ ಪ್ಲೇಗು ಬಂದೆರಗಿದಾಗ, ಇಲಿಗಳು ಸೇರುವ ಇಕ್ಕಟ್ಟಿನ, ಗಾಳಿ ಬೆಳಕಿಲ್ಲದ ಮನೆಗಳ ದುಃಸ್ಥಿತಿ ಎಲ್ಲರ ಕಣ್ಣಿಗೆ ಬಿತ್ತು. 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಹುಟ್ಟಿತು. ಮುಂಬಯಿ ಸರ್ಕಾರದ ನೈರ್ಮಲ್ಯ ಇಂಜಿನಿಯರರಾಗಿದ್ದ ನಮ್ಮ ವಿಶ್ವೇಶ್ವರಯ್ಯನವರು, 1908ರ ಮೂಸಿ ಪ್ರವಾಹದ ಬಳಿಕ ಹೈದರಾಬಾದಿಗೆ ಒಳಚರಂಡಿ ಯೋಜನೆಯನ್ನೂ ರೂಪಿಸಿಕೊಟ್ಟರು. ಇಂಥ ಯೋಜನೆಗಳು ಕಾಗದದಿಂದ ಮನೆಮನೆಗೆ ಇಳಿಯಬೇಕಾದರೆ ಬಲ್ಲ ಕೈಗಳು ಬೇಕಷ್ಟೆ?

ಸ್ವತಂತ್ರ ಭಾರತದಲ್ಲಿ 1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಆರಂಭವಾಯಿತು. 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂತು. ಐ.ಟಿ.ಐ.ಗಳಲ್ಲಿ ಪ್ಲಂಬರ್ ಶಿಕ್ಷಣ ಒಂದು ವರ್ಷದ್ದು. ನಕ್ಷೆ ಓದುವುದು, ಅಳತೆ, ಪೈಪಿಗೆ ಮರೆ ಕೊರೆಯುವುದು, ಇಳಿಜಾರು ಲೆಕ್ಕ ಹಾಕುವುದು—ಎಲ್ಲವನ್ನೂ ಕಲಿಯಬೇಕು. ಬೇಸಿನ್ನಿನ ಕೆಳಗಿನ ಪೈಪು ಡೊಂಕಾಗಿರುವುದೇಕೆ? ಅಲ್ಲಿ ನಿಲ್ಲುವ ನೀರು ಚರಂಡಿಯ ಗಾಳಿಯನ್ನು ತಡೆಯುತ್ತದೆ. 1775ರಲ್ಲಿ ಅಲೆಕ್ಸಾಂಡರ್ ಕಮ್ಮಿಂಗ್ ಪೇಟೆಂಟ್ ಪಡೆದ ಶೌಚಪಾತ್ರೆಯಲ್ಲಿ ಇಂಥ ಡೊಂಕಿತ್ತು. ಇದನ್ನು ಬಲ್ಲವನು ದುರ್ನಾತ ಬಂದಾಗ ಗೋಡೆ ಒಡೆಯುವ ಮೊದಲು ಕಾರಣ ಹುಡುಕುತ್ತಾನೆ.

ತೇರ್ಗಡೆಯಾದವರಿಗೆ ಅಪ್ರೆಂಟಿಸ್‌ಗಿರಿ, ಕಾರ್ಖಾನೆ, ಆಸ್ಪತ್ರೆ, ರೈಲ್ವೆಗಳ ದುರಸ್ತಿ ವಿಭಾಗ, ಕಟ್ಟಡದ ಮೇಲ್ವಿಚಾರಣೆ, ಸ್ವಂತ ಗುತ್ತಿಗೆ, ಕೊಲ್ಲಿ ರಾಷ್ಟ್ರಗಳ ಕೆಲಸ, ಹೀಗೆ ಹಲವು ದಾರಿಗಳಿವೆ. ಉಡುಪಿಯವರು ಹೋಟೆಲಿನಿಂದ ಮುಂಬಯಿಯಲ್ಲಿ ನೆಲೆ ಕಂಡಂತೆ, ಒಡಿಶಾದ ಕೇಂದ್ರಾಪಾಡಾ ಜಿಲ್ಲೆಯವರು ಈ ಕಸುಬಿನಿಂದ ದೇಶದ ನಗರನಗರಗಳಲ್ಲಿ ನೆಲೆ ಕಂಡಿದ್ದಾರೆ. ತಂದೆಯಿಂದ, ಅಣ್ಣನಿಂದ ಕಲಿತು ಬಂದ ಆ ಜಿಲ್ಲೆಯ ಪಟ್ಟಾಮುಂಡಾಯಿಯಲ್ಲೇ ಇಂದು ಪ್ಲಂಬಿಂಗ್ ಕಲಿಸುವ ಸರ್ಕಾರಿ ಸಂಸ್ಥೆಯಿದೆ. ಕೈವಿದ್ಯೆ ಬಲ್ಲವರೇ ಶಾಲೆಯನ್ನೂ ಬಯಸಿದರೆಂಬುದನ್ನು ನಾವು ಗಮನಿಸಬೇಕು.

ಊರು ಬಿಟ್ಟು ಬಂದ ನಮ್ಮ ಹಿರಿಯರು ಯಾವ ದುಡಿಮೆಯನ್ನೂ ಕೀಳೆಂದು ಎಣಿಸಲಿಲ್ಲ. ಮನೆಯ ಹುಡುಗನೊಬ್ಬ ಈ ವಿದ್ಯೆಯನ್ನು ಆರಿಸಿಕೊಂಡರೆ ಹರಸಿ ಕಳಿಸೋಣ.