ಕೊಯಮತ್ತೂರಿನ ಕೆಲವು ಹಳೆಯ ಸಂಗತಿಗಳು

ಚರಿತ್ರೆಯೆಂದರೆ ಎಲ್ಲೋ ದೂರದ ರಾಜಧಾನಿಗಳಲ್ಲಿ ನಡೆದುಹೋದ ಸಂಗತಿಯೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಬಾದಾಮಿಯ ಪುಲಿಕೇಶಿ, ದೋರಸಮುದ್ರದ ವಿಷ್ಣುವರ್ಧನ, ಹಂಪೆಯ ಕೃಷ್ಣದೇವರಾಯ ಇವರ ಬಿರುದುಗಳನ್ನು ತಡೆಯಿಲ್ಲದೆ ಒಪ್ಪಿಸಬಲ್ಲ ಹುಡುಗನಿಗೆ, ತಾನು ದಿನವೂ ಹಾದುಹೋಗುವ ಕೋಟೆಮೇಡಿನಲ್ಲಿ ಯಾವ ಕೋಟೆಯಿತ್ತು, ಅದು ಏನಾಯಿತು ಎಂಬುದು ತಿಳಿಯದು. ಇದರಲ್ಲಿ ಅವನ ತಪ್ಪೇನೂ ಇಲ್ಲ. ಕನ್ನಡದ ಪಠ್ಯಪುಸ್ತಕಗಳಿಗೆ ಕೊಯಮತ್ತೂರು ಹೊರನಾಡು. ತಮಿಳಿನ ಪಠ್ಯಪುಸ್ತಕಗಳಲ್ಲಿ ಇಲ್ಲಿಯ ಕನ್ನಡದ ಮನೆಗಳಿಗೆ ಎಡೆ ಇಲ್ಲ. ಎರಡು ಪುಸ್ತಕಗಳ ನಡುವೆ ನಮ್ಮ ಬೀದಿಗಳ ಕಥೆ ಜಾರಿಬಿದ್ದಿದೆ. ಅದರಲ್ಲಿ ಕೆಲವನ್ನು ಎತ್ತಿಕೊಂಡು ಒಂದೆಡೆ ಇಡುವುದು ಈ ಲೇಖನದ ಉದ್ದೇಶ.

ಕೊಯಮತ್ತೂರು ಕೊಂಗುನಾಡಿನ ಊರು. ನೊಯ್ಯಲ್ ಹೊಳೆಯ ದಡದ ಊರು. ಕೋವನ್ ಎಂಬ ನಾಯಕನೊಬ್ಬನು ಕಾಡು ಕಡಿಸಿ ಊರು ಕಟ್ಟಿಸಿದನೆಂದೂ ಅವನಿಂದಲೇ ಊರಿಗೆ ಈ ಹೆಸರು ಬಂದಿತೆಂದೂ ಪ್ರತೀತಿ. ಕೋನಿಯಮ್ಮನು ಇಂದಿಗೂ ಊರದೇವತೆ. ಆದರೆ ಈ ಊರಿನ ಭಾಗ್ಯವನ್ನು ನಿರ್ಣಯಿಸಿದುದು ಹೆಸರಲ್ಲ, ದಾರಿ. ಪಶ್ಚಿಮಕ್ಕೆ ಪಾಲಕ್ಕಾಡಿನ ಕಣಿವೆ ಮಲೆಯಾಳ ದೇಶಕ್ಕೆ ಬಾಗಿಲು. ಉತ್ತರಕ್ಕೆ ಸತ್ಯಮಂಗಲವನ್ನು ದಾಟಿದರೆ ಗಜ್ಜಲಹಟ್ಟಿಯ ಕಣಿವೆಯೂ ದಿಂಬದ ಘಟ್ಟವೂ ಮೈಸೂರು ಸೀಮೆಗೆ ಬಾಗಿಲು. ಈ ಉತ್ತರದ ಬಾಗಿಲಿನಿಂದ ದಂಡು ಬಂದಿತು, ತೆರಿಗೆಯವನು ಬಂದನು, ನೇಯುವವನು ಬಂದನು. ಕನ್ನಡ ನುಡಿಯೂ ಇವರ ಜೊತೆಯಲ್ಲಿಯೇ ಇಳಿದು ಬಂದಿತು.

ಘಟ್ಟದ ಮೇಲಿನ ಅರಸರಿಗೆ ಈ ಕಡೆಯ ಮೇಲೆ ಕಣ್ಣು ಬಿದ್ದುದು ಬಹಳ ಹಿಂದೆ. ವಿಷ್ಣುವರ್ಧನನ ದಂಡನಾಯಕನಾದ ಪುಣಿಸಮಯ್ಯನು ನೀಲಗಿರಿಯನ್ನು ವಶಪಡಿಸಿಕೊಂಡ ಸಂಗತಿಯನ್ನು ಚಾಮರಾಜನಗರದ 1117ರ ಶಾಸನ ತಿಳಿಸುತ್ತದೆ. ತೋಡರ ಹೆಸರು ಬರಹದಲ್ಲಿ ಮೊತ್ತಮೊದಲಿಗೆ ಕಾಣುವುದೂ ಆ ಶಾಸನದಲ್ಲಿಯೇ. ಹೊಯ್ಸಳರ ಕೊನೆಗಾಲದಲ್ಲಿ ತೆರಕಣಾಂಬಿಯಿಂದ ಆಳುತ್ತಿದ್ದ ಮಾಧವ ದಣ್ಣಾಯಕನೇ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಗುಡಿಯನ್ನು ಕಟ್ಟಿಸಿದವನೆಂದು ಪ್ರಸಿದ್ಧನಾದವನು. ಘಟ್ಟದ ಕೆಳಗೆ, ಮೋಯಾರು ಭವಾನಿಯನ್ನು ಸೇರುವಲ್ಲಿ, ಈ ದಣ್ಣಾಯಕರ ಹೆಸರಿನ ಕೋಟೆಯೊಂದಿತ್ತು. ಅದೇ ದಣ್ಣಾಯಕನಕೋಟೆ. ಇಂದು ಅದನ್ನು ನೋಡುತ್ತೇವೆಂದರೆ ಸುಲಭವಲ್ಲ. 1948ರಲ್ಲಿ ಪ್ರಾರಂಭವಾಗಿ 1955ರಲ್ಲಿ ಮುಗಿದ ಭವಾನಿಸಾಗರದ ಅಣೆಕಟ್ಟಿನ ನೀರು ಆ ಊರನ್ನು ಮುಚ್ಚಿತು. ಬರಗಾಲದಲ್ಲಿ ಜಲಾಶಯ ಬತ್ತಿದಾಗ ಮಾಧವ ಪೆರುಮಾಳಿನ ಗುಡಿ ನೀರಿನಿಂದ ತಲೆಯೆತ್ತುತ್ತದೆ. ಮಳೆ ಬಂದರೆ ಮತ್ತೆ ಮುಳುಗುತ್ತದೆ. ಗದ್ದೆಗಳಿಗೆ ನೀರುಣಿಸುವುದಕ್ಕಾಗಿ ಒಂದು ಚರಿತ್ರೆ ಮುಳುಗಿತೆಂದು ವ್ಯಥೆಪಡಬೇಕಾಗಿಲ್ಲ. ಆದರೆ ಮುಳುಗಿದ್ದು ಏನೆಂಬುದನ್ನು ಬರೆದಿಟ್ಟುಕೊಳ್ಳಬೇಕಾದುದು ನಮ್ಮ ಕರ್ತವ್ಯ.

ಹದಿನೇಳನೆಯ ಶತಮಾನದಲ್ಲಿ ಮಧುರೆಯ ನಾಯಕರಿಗೂ ಮೈಸೂರಿನ ಒಡೆಯರಿಗೂ ಕೊಂಗುನಾಡಿಗಾಗಿ ಮತ್ತೆ ಮತ್ತೆ ಯುದ್ಧಗಳಾದವು. ಚಿಕ್ಕದೇವರಾಜ ಒಡೆಯರ ಆಳ್ವಿಕೆ ಮುಗಿದ 1704ರ ವೇಳೆಗೆ ಈ ಸೀಮೆಯ ಬಹುಭಾಗ ಮೈಸೂರಿಗೆ ಸೇರಿಹೋಗಿತ್ತು. ಕನ್ನಡಿಗರಾದ ನಾವು ಈ ಭಾಗವನ್ನು ಓದುವಾಗ ಹೆಮ್ಮೆಯೊಡನೆ ಸ್ವಲ್ಪ ಎಚ್ಚರವನ್ನೂ ಇಟ್ಟುಕೊಳ್ಳಬೇಕು. ಮೈಸೂರಿನ ವಿಜಯವೆಂದು ನಮ್ಮ ಪುಸ್ತಕ ಹೇಳುವುದು ಕೊಂಗಿನ ಒಕ್ಕಲಿಗೆ ಕಂದಾಯದ ಕರೆಯಾಗಿತ್ತು. ತಿರುಪ್ಪೂರು ಜಿಲ್ಲೆಯ ಕಾಂಗೇಯದ ಸುತ್ತ ಇಂದಿಗೂ ಹೇಳುವ ಕಥೆಯೊಂದಿದೆ. ಮೈಸೂರಿಗೆ ಹೋಗುತ್ತಿದ್ದ ಕಂದಾಯದ ಹಣವನ್ನು ತರುಣನೊಬ್ಬನು ದಾರಿಯಲ್ಲಿ ಕಿತ್ತುಕೊಂಡು ಬಡವರಿಗೆ ಹಂಚಿದನಂತೆ. ಕೇಳಿದವರಿಗೆ, ಚೆನ್ನಿಮಲೆಗೂ ಶಿವನ್‌ಮಲೆಗೂ ನಡುವಿನ ಚಿನ್ನಮಲೆ ತೆಗೆದುಕೊಂಡನೆಂದು ಹೇಳಿರೆಂದನಂತೆ. ಅವನೇ ಧೀರನ್ ಚಿನ್ನಮಲೆ. ಕಥೆ ಜನರ ಬಾಯಿಯದು. ಆದರೆ ಅವನೇ ಮುಂದೆ ಟೀಪುವಿನ ಪಕ್ಷ ಹಿಡಿದು ಇಂಗ್ಲಿಷರನ್ನು ಎದುರಿಸಿದುದೂ, 1805ರ ಜುಲೈ 31ರಂದು ಸಂಕಗಿರಿಯಲ್ಲಿ ಗಲ್ಲಿಗೇರಿದುದೂ ಚರಿತ್ರೆ. ನಿನ್ನೆ ಮೈಸೂರಿನ ಕಂದಾಯವನ್ನು ತಡೆದವನು ಇಂದು ಮೈಸೂರಿನ ಗೆಳೆಯ! ನಾಡಿನ ಸಂಬಂಧಗಳು ಪಠ್ಯದ ಪಟ್ಟಿಗಳಷ್ಟು ಸರಳವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇನ್ನು ಕೋಟೆಮೇಡಿನ ಮಾತು. 1790ರಲ್ಲಿ ಮೂರನೆಯ ಮೈಸೂರು ಯುದ್ಧ ನಡೆಯುತ್ತಿರಲು ಜನರಲ್ ಮೆಡೋಸನ ಸೈನ್ಯ ಕೊಯಮತ್ತೂರನ್ನು ಹಿಡಿಯಿತು. ಟೀಪು ಗಜ್ಜಲಹಟ್ಟಿಯ ಕಣಿವೆಯಿಂದ ಹಠಾತ್ತನೆ ಇಳಿದು ಬಂದು, ಸೆಪ್ಟೆಂಬರಿನಲ್ಲಿ ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡನನ್ನು ಹಿಮ್ಮೆಟ್ಟಿಸಿದನು. ಮರುವರ್ಷ ಇಂಗ್ಲಿಷರ ಮುಖ್ಯ ಸೈನ್ಯ ಶ್ರೀರಂಗಪಟ್ಟಣದ ಕಡೆಗೆ ಹೋದಾಗ ಕೊಯಮತ್ತೂರಿನ ಕೋಟೆಯಲ್ಲಿ ಉಳಿದವನು ಲೆಫ್ಟಿನೆಂಟ್ ಚಾಲ್ಮರ್ಸ್ ಎಂಬ ಕಿರಿಯ ಅಧಿಕಾರಿ. ಅವನೊಡನೆ ಇದ್ದುದು ಸಣ್ಣ ದಳ. ಅದರಲ್ಲಿ ತಿರುವಾಂಕೂರಿನ ಸಿಪಾಯಿಗಳೂ ಇದ್ದರು. 1791ರ ಜೂನಿನಲ್ಲಿ ಮೈಸೂರಿನವರು ಮುತ್ತಿಗೆ ಹಾಕಿದರು. ಆಗಸ್ಟ್ 11ರಂದು ಏಣಿ ಹಾಕಿ ಗೋಡೆಯೇರಲು ಮಾಡಿದ ಪ್ರಯತ್ನ ವಿಫಲವಾಯಿತು. ಬಳಿಕ ಲೆಫ್ಟಿನೆಂಟ್ ನ್ಯಾಶ್ ಎಂಬವನು ಸ್ವಲ್ಪ ಸಹಾಯದೊಡನೆ ಕೋಟೆಯನ್ನು ಸೇರಿದನು. ಅಕ್ಟೋಬರಿನಲ್ಲಿ ಕಮರುದ್ದೀನ್ ಖಾನನು ದೊಡ್ಡ ಸೈನ್ಯದೊಡನೆ ಬಂದು ಎರಡನೆಯ ಮುತ್ತಿಗೆ ಹಾಕಿದನು. ಪಾಲಕ್ಕಾಡಿನ ಕಡೆಯಿಂದ ನೆರವಿಗೆ ಹೊರಟ ಮೇಜರ್ ಕಪ್ಪೇಜನು ಊರನ್ನು ತಲುಪಲಾರದೆ ಹಿಂದಿರುಗಬೇಕಾಯಿತು. ಮದ್ದುಗುಂಡು ತೀರುತ್ತ ಬಂದು, ನವೆಂಬರ್ 3ರಂದು ಚಾಲ್ಮರ್ಸನು ಕೋಟೆಯನ್ನು ಒಪ್ಪಿಸಿದನು. ಪಾಲಕ್ಕಾಡಿಗೆ ಹೋಗಗೊಡುವುದಾಗಿ ಕರಾರಾಗಿತ್ತು. ಆ ಕರಾರು ನಡೆಯಲಿಲ್ಲ. ಸೆರೆಯಾದವರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಕೊಂಡೊಯ್ದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1792ರ ಫೆಬ್ರುವರಿಯಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣವನ್ನೇ ಮುತ್ತಿದಾಗ, ಸಂಧಿಯ ಮಾತನ್ನು ಎತ್ತಲು ಟೀಪು ಆರಿಸಿಕೊಂಡ ದೂತರು ಯಾರು? ಇದೇ ಚಾಲ್ಮರ್ಸ್ ಮತ್ತು ನ್ಯಾಶ್. ಅವರನ್ನು ಸೆರೆಯಿಂದ ಬಿಡಿಸಿ, ಕೈಯಲ್ಲಿ ಪತ್ರ ಕೊಟ್ಟು ಇಂಗ್ಲಿಷರ ಪಾಳೆಯಕ್ಕೆ ಕಳುಹಿಸಲಾಯಿತು. ಕೊಯಮತ್ತೂರಿನ ಸಣ್ಣ ಕೋಟೆಯಲ್ಲಿ ಸೋತವರ ಮೂಲಕ ಒಂದು ದೊಡ್ಡ ಯುದ್ಧದ ಸಂಧಾನ ಮೊದಲಾಯಿತು. ಆ ಸಂಧಿಯಲ್ಲಿ ಟೀಪು ಅರ್ಧ ರಾಜ್ಯವನ್ನು ಕಳೆದುಕೊಂಡರೂ ಕೊಯಮತ್ತೂರು ಅವನಿಗೇ ಉಳಿಯಿತು. 1799ರಲ್ಲಿ ಅವನು ಮಡಿದ ಮೇಲೆ ಅದು ಕುಂಪಣಿಗೆ ಸೇರಿತು. ಇಂದು ಕೋಟೆಯಿಲ್ಲ, ಹೆಸರು ಮಾತ್ರ ನಿಂತಿದೆ.

ಕುಂಪಣಿಯವರು ಮಾಡಿದ ಕೊಯಮತ್ತೂರು ಜಿಲ್ಲೆ ಬಹು ವಿಸ್ತಾರವಾಗಿತ್ತು. 1868ರಲ್ಲಿ ಬೇರೆ ಜಿಲ್ಲೆಯಾಗುವವರೆಗೆ ನೀಲಗಿರಿಯೂ ಇದರ ಸಂಬಂಧದಲ್ಲಿತ್ತು. 1819ರಲ್ಲಿ ಆ ಮಲೆಯನ್ನೇರಿ, ಮುಂದೆ ಉದಕಮಂಡಲದಲ್ಲಿ ಮನೆ ಕಟ್ಟಿಸಿದ ಜಾನ್ ಸಲಿವನ್ ಕೊಯಮತ್ತೂರಿನ ಕಲೆಕ್ಟರನೇ. ಕನ್ನಡಕ್ಕೆ ಅತಿ ಸಮೀಪವಾದ ನುಡಿಯನ್ನಾಡುವ ಬಡಗರು ಅವನಿಗಿಂತ ಎಷ್ಟೋ ತಲೆಮಾರುಗಳ ಮೊದಲೇ ಅಲ್ಲಿ ಬೇಸಾಯ ಮಾಡಿಕೊಂಡಿದ್ದರು. ಕೊಳ್ಳೇಗಾಲವೂ ಮಲೆ ಮಹದೇಶ್ವರನ ಬೆಟ್ಟವೂ ಕೊಯಮತ್ತೂರಿಗೆ ಸೇರಿದ್ದವು. ಕನ್ನಡದ ವರನಟ ರಾಜ್‌ಕುಮಾರರು 1929ರಲ್ಲಿ ಜನಿಸಿದುದು ಈ ಅಖಂಡ ಕೊಯಮತ್ತೂರು ಜಿಲ್ಲೆಯಲ್ಲಿ ಎಂದರೆ ನಮ್ಮ ವಿದ್ಯಾರ್ಥಿಗಳು ಕಣ್ಣರಳಿಸುವರು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು. ತಾಳವಾಡಿಯ ಕನ್ನಡದ ಹಳ್ಳಿಗಳು ಇತ್ತಲೇ ಉಳಿದು, ಇಂದು ಈರೋಡು ಜಿಲ್ಲೆಯಲ್ಲಿವೆ. ಗಡಿಯ ಗೆರೆ ಒಂದು ದಿನದಲ್ಲಿ ಎಳೆದದ್ದು. ನಂಟಸ್ತಿಕೆ ನೂರಾರು ವರ್ಷಗಳದ್ದು.

ಅರಸರ ಮಾತು ಇಷ್ಟು ಸಾಕು. ಇಲ್ಲಿ ಕನ್ನಡವನ್ನು ಉಳಿಸಿದವರು ದಂಡನಾಯಕರಲ್ಲ, ಕಲೆಕ್ಟರುಗಳಲ್ಲ. ಒಕ್ಕಲುತನದವರು ಮತ್ತು ಮಗ್ಗದವರು. ವಿಜಯನಗರವು ಕುಂದಿದ ಕಾಲದಲ್ಲಿ ತಮ್ಮ ಹಿರಿಯರು ದಕ್ಷಿಣಕ್ಕೆ ಬಂದರೆಂದು ದೇವಾಂಗರು ಹೇಳುತ್ತಾರೆ. ಅವರು ತಮ್ಮೊಡನೆ ತಂದ ಆಸ್ತಿ ಎರಡು: ಮಗ್ಗ ಮತ್ತು ಚೌಡೇಶ್ವರಿ. ಕೊಯಮತ್ತೂರಿನಲ್ಲಿ ವಿಜಯದಶಮಿಯಂದು ದೇವಾಂಗ ತರುಣರು ಎದೆಗೆ ಕತ್ತಿಯ ಅಲಗನ್ನು ತಾಗಿಸಿಕೊಳ್ಳುತ್ತ ದೇವಿಯನ್ನು ಕರೆತರುವ ಸೇವೆ ಇಂದಿಗೂ ನಡೆಯುತ್ತದೆ. ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು, ಹಾಸಿನ ನಡುವೆ ಲಾಳಿಯನ್ನು ಓಡಿಸಿ ಹೊಕ್ಕು ಹೊಡೆಯುವುದು ಒಬ್ಬನ ಕೆಲಸವೆಂದು ಕಾಣುತ್ತದೆ. ವಾಸ್ತವವಾಗಿ ಅದು ಇಡೀ ಮನೆಯ ಕೆಲಸ. ನೂಲನ್ನು ಸುತ್ತುವವಳು ತಾಯಿ. ಬೀದಿಯುದ್ದಕ್ಕೂ ಹಾಸನ್ನು ಎಳೆದು ಗಂಜಿ ಹಾಕಲು ನೆರೆಮನೆಯವರೂ ಬೇಕು. ಮನೆಯೇ ಕಾರ್ಖಾನೆಯಾದುದರಿಂದ ಮನೆಯ ನುಡಿಯೇ ಕೆಲಸದ ನುಡಿಯಾಯಿತು. ಶಾಲೆಯಲ್ಲಿ ಒಂದಕ್ಷರವನ್ನೂ ಕಲಿಯದಿದ್ದರೂ ಕನ್ನಡವು ಇಲ್ಲಿ ತಲೆಮಾರುಗಳ ಕಾಲ ಬಾಳಿದ ಗುಟ್ಟು ಇದೇ ಎಂದು ನಮಗೆ ತೋರುತ್ತದೆ. ರೇಷ್ಮೆಯನ್ನೂ ಹತ್ತಿಯನ್ನೂ ಕೂಡಿಸಿ ನೇಯುವ ಕೋವೈ ಕೋರಾ ಸೀರೆ ಇಂತಹ ಮಗ್ಗಗಳ ಮೇಲೆಯೇ ಹೆಸರಾಯಿತು.

1888ರಲ್ಲಿ ರಾಬರ್ಟ್ ಸ್ಟೇನ್ಸ್ ಮೊದಲಾದವರು ಕೊಯಮತ್ತೂರಿನಲ್ಲಿ ನೂಲಿನ ಗಿರಣಿಯನ್ನು ಸ್ಥಾಪಿಸಿದರು. ಊರು ಬೆಳೆಯುತ್ತಿರುವಾಗಲೇ 1903ರಲ್ಲಿ ಪ್ಲೇಗು ಬಂದಿತು. 1901ರ ಗಣತಿಯಲ್ಲಿ 53,080 ಇದ್ದ ಜನಸಂಖ್ಯೆ 1911ರಲ್ಲಿ 47,007ಕ್ಕೆ ಇಳಿಯಿತು. ಸತ್ತವರೆಷ್ಟೋ ಊರು ಬಿಟ್ಟವರೆಷ್ಟೋ, ಈ ಎರಡು ಅಂಕಿಗಳ ನಡುವೆ ಎಷ್ಟೋ ಮನೆಗಳ ದುಃಖ ಅಡಗಿದೆ. ಪ್ಲೇಗ್ ಮಾರಿಯಮ್ಮನೆಂಬ ಹೆಸರಿನ ಗುಡಿಗಳು ಆ ಭಯವನ್ನು ಇಂದಿಗೂ ನೆನಪಿಗೆ ತರುತ್ತವೆ. ಇಕ್ಕಟ್ಟಿನ ಬೀದಿಗಳಿಂದ ಜನರನ್ನು ಹೊರಕ್ಕೆ ತಂದು ನೆಲೆಗೊಳಿಸಬೇಕು, ಶುದ್ಧವಾದ ನೀರನ್ನು ಒದಗಿಸಬೇಕು ಎಂಬ ವಿವೇಕ ಆಮೇಲೆ ಬಂದಿತು. ಪುರಸಭೆಯ ಅಧ್ಯಕ್ಷರಾಗಿದ್ದ ಸಿ. ಎಸ್. ರತ್ನಸಭಾಪತಿ ಮೊದಲಿಯಾರರು ಇದಕ್ಕಾಗಿ ಶ್ರಮಿಸಿದರು, ಆರ್. ಎಸ್. ಪುರಂ ಅವರ ಹೆಸರಿನ ಬಡಾವಣೆ. ಪಶ್ಚಿಮದ ಮಲೆಯಿಂದ ಸಿರುವಾಣಿಯ ಸಿಹಿನೀರು 1920ರ ದಶಕದ ಕೊನೆಗೆ ಊರಿಗೆ ಹರಿದು ಬಂದಿತು.

ನೀರಿನ ಹಿಂದೆಯೇ ವಿದ್ಯುತ್ತೂ ಮಲೆಯಿಂದಲೇ ಇಳಿಯಿತು. 1932ರಲ್ಲಿ ನೀಲಗಿರಿಯ ಪೈಕಾರ ಯೋಜನೆ ಕಾರ್ಯಾರಂಭ ಮಾಡಿದ ಮೇಲೆ ಗಿರಣಿಗಳು ಒಂದರ ಹಿಂದೊಂದರಂತೆ ಎದ್ದವು. 1931ರಲ್ಲಿ 95,198 ಇದ್ದ ಜನಸಂಖ್ಯೆ 1951ರಲ್ಲಿ 1,97,755 ಆಯಿತು. ಇಪ್ಪತ್ತು ವರ್ಷಗಳಲ್ಲಿ ಎರಡರಷ್ಟು! 1937ರಲ್ಲಿ ಜಿ. ಡಿ. ನಾಯುಡು ಮತ್ತು ಡಿ. ಬಾಲಸುಂದರಂ ನಾಯುಡು ಅವರ ಪ್ರಯತ್ನದಿಂದ ವಿದ್ಯುತ್ ಮೋಟಾರು ಇಲ್ಲಿಯೇ ತಯಾರಾಯಿತು. ಆದರೆ ಈ ಏಳಿಗೆಗೆ ಬೆಲೆ ತೆತ್ತವರನ್ನೂ ಮರೆಯಬಾರದು. ಪೈಕಾರದ ವರ್ಷವಾದ 1932ರ ಜನವರಿಯಲ್ಲಿಯೇ, ಚೆನ್ನಿಮಲೆಯ ನೇಕಾರರ ಮನೆಯಲ್ಲಿ ಹುಟ್ಟಿದ ಕುಮಾರನ್ ತಿರುಪ್ಪೂರಿನ ಬೀದಿಯಲ್ಲಿ ರಾಷ್ಟ್ರಧ್ವಜವನ್ನು ಬಿಡದೆ ಪೊಲೀಸರ ಏಟು ತಿಂದು ಮಡಿದನು. ಚಿನ್ನಿಯಂಪಾಳೆಯದ ನಾಲ್ವರು ಗಿರಣಿ ಕಾರ್ಮಿಕರು 1946ರ ಜನವರಿ 8ರಂದು ಕೊಯಮತ್ತೂರಿನ ಸೆರೆಮನೆಯಲ್ಲಿ ಗಲ್ಲಿಗೇರಿದರು. ಗಿರಣಿಯ ಸದ್ದು ಹೆಚ್ಚಿದಂತೆ ಮನೆಯ ಮಗ್ಗದ ಸದ್ದು ಕುಗ್ಗಿತು. ಮಗ್ಗ ಬಿಟ್ಟು ಗಿರಣಿಗೆ ಹೋದವನಿಗೆ ಕೆಲಸದ ನುಡಿ ಬೇರೆಯಾಯಿತು. ಕನ್ನಡ ಅಡುಗೆಮನೆಗೆ ಸರಿಯಿತು.

ಇಲ್ಲಿಗೆ ನಾವು ಹೇಳಬೇಕಾದ ಮುಖ್ಯ ಮಾತಿಗೆ ಬಂದೆವು. 2006ರ ಕಾಯಿದೆಯಂತೆ ತಮಿಳುನಾಡಿನ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಮೊದಲಾಗಿ ಹತ್ತನೆಯವರೆಗೆ ತಮಿಳು ಕಡ್ಡಾಯವಾಯಿತು. ನೆಲದ ಭಾಷೆಯನ್ನು ಕಲಿಯುವುದು ನ್ಯಾಯವೂ ಹೌದು, ನಮಗೆ ಲಾಭವೂ ಹೌದು. ಆದರೆ ಮನೆಯ ನುಡಿಗೆ ಲಿಪಿಯ ಆಸರೆ ತಪ್ಪಿದರೆ ಅಜ್ಜಿಯೊಡನೆ ಅದರ ನೆನಪುಗಳೂ ಹೋಗುತ್ತವೆ. ಘಟ್ಟವಿಳಿದು ಬಂದ ಮನೆತನಗಳ ಕಥೆ ಯಾವ ಗೆಜೆಟಿಯರಿನಲ್ಲಿಯೂ ಪೂರ್ತಿಯಾಗಿ ಸಿಗದು. ಅದು ಇರುವುದು ಎಂಬತ್ತು ವರ್ಷ ದಾಟಿದ ಹಿರಿಯರ ಬಾಯಲ್ಲಿ.

ಆದ್ದರಿಂದ ಉಪಾಧ್ಯಾಯ ಮಿತ್ರರಲ್ಲಿ ನಮ್ಮದೊಂದು ವಿನಂತಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ನೋಟುಪುಸ್ತಕವನ್ನು ಇದಕ್ಕಾಗಿ ಇಡಲಿ. ತನ್ನ ಮನೆತನದ ಮೂಲ ಊರು, ಕುಲದೇವತೆ, ಹಿರಿಯರ ಕಸುಬು, ಮಗ್ಗದ ಭಾಗಗಳಿಗೆ ಮನೆಯಲ್ಲಿ ಆಡುವ ಹೆಸರುಗಳು, ಬೀದಿಯ ಹಳೆಯ ಹೆಸರು ಇವಿಷ್ಟನ್ನು ಕೇಳಿ ಕನ್ನಡದಲ್ಲಿ ಬರೆಯಲಿ. ಕೇಳಿದ್ದು ಯಾವುದು, ಕಂಡದ್ದು ಯಾವುದು ಎಂದು ಬೇರೆ ಬೇರೆಯಾಗಿ ಗುರುತು ಮಾಡಲಿ. ತಮಿಳಿನ ಗೆಳೆಯನ ಮನೆಯ ಕಥೆಯನ್ನೂ ಪಕ್ಕದಲ್ಲಿ ಬರೆದುಕೊಳ್ಳಲಿ. ಒಂದೇ ಮುತ್ತಿಗೆಯನ್ನು, ಒಂದೇ ಪ್ಲೇಗನ್ನು, ಒಂದೇ ಸಿರುವಾಣಿಯ ನೀರನ್ನು ಕಂಡವರು ಇಬ್ಬರ ಹಿರಿಯರೂ. ಈ ಊರು ನಮ್ಮದೆಂದು ಹೇಳಲು ಯಾರಿಂದಲೂ ಕಿತ್ತುಕೊಳ್ಳಬೇಕಾಗಿಲ್ಲ. ಇದನ್ನು ಕಟ್ಟಿದವರಲ್ಲಿ ನಮ್ಮವರೂ ಇದ್ದರೆಂದು ಬರೆದಿಟ್ಟರೆ ಸಾಕು. ನಲವತ್ತು ವಿದ್ಯಾರ್ಥಿಗಳು ಬರೆದ ನಲವತ್ತು ನೋಟುಪುಸ್ತಕಗಳು ಒಂದೆಡೆ ಸೇರಿದರೆ ಕೊಯಮತ್ತೂರಿನ ಕನ್ನಡಿಗರ ಚರಿತ್ರೆಯ ಮೊದಲ ಸಂಪುಟ ಸಿದ್ಧವಾದಂತೆಯೇ.